ಜಲಾಶಯದ ನೀರು ಹಸಿರಾಗುವುದೇಕೆ?

ತುಂಗಭದ್ರಾ ಜಲಾಶಯದ ನೀರು ಕೆಲವು ವರ್ಷಗಳಲ್ಲಿ ಹಚ್ಚಹಸಿರಾಗುವುದನ್ನು ಆ ಭಾಗದ ಜನರು ಕಂಡಿದ್ದಾರೆ. ಆ ಹಸಿರು ನೀರಿನ ಬಣ್ಣವಲ್ಲ. ಅತಿಸೂಕ್ಷ್ಮ ಪಾಚಿಯ ಬೆಳೆ. ಬೆಳೆಯೆಂದ ಮೇಲೆ ಅದಕ್ಕೆ ಗೊಬ್ಬರವೆಲ್ಲಿಂದ ಬಂದಿತೆಂದು ಕೇಳಬೇಕಾಗುತ್ತದೆ. ಉತ್ತರವಿರುವುದು ಜಲಾಶಯಕ್ಕೆ ನೀರು ಹರಿಸುವ ನೆಲದಲ್ಲಿ.

ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟುವ ತುಂಗೆ ಮತ್ತು ಭದ್ರೆ ಕೂಡಲಿಯಲ್ಲಿ ಒಂದಾಗಿ, ಹೊಲಗದ್ದೆಗಳನ್ನೂ ಊರುಗಳನ್ನೂ ದಾಟಿ ಹೊಸಪೇಟೆಯ ಬಳಿಯ ಅಣೆಕಟ್ಟನ್ನು ಸೇರುತ್ತವೆ. ಕಾಡಿನಲ್ಲಿ ಬೇರು ಮತ್ತು ತರಗೆಲೆಗಳು ಮಣ್ಣನ್ನು ಹಿಡಿದಿಡುವುದರಿಂದ ಅಲ್ಲಿಂದ ಬರುವ ನೀರಿನಲ್ಲಿ ಪೋಷಕಾಂಶಗಳು ಕಡಿಮೆ. ಉಳುಮೆಯ ನೆಲದಿಂದಾದರೋ ಸಾರಜನಕವು ನೀರಿನಲ್ಲಿ ಕರಗಿಯೂ, ರಂಜಕವು ಹೆಚ್ಚಾಗಿ ಮಣ್ಣಿನ ಕಣಗಳಿಗೆ ಅಂಟಿಕೊಂಡೂ ಬರುತ್ತವೆ. ಊರಿನ ಚರಂಡಿ ನೀರು ಎರಡನ್ನೂ ಹೊತ್ತು ತರುತ್ತದೆ.

1953ರಲ್ಲಿ ನೀರು ನಿಂತಾಗ ಸುಮಾರು 133 ಟಿಎಂಸಿಯಷ್ಟಿದ್ದ ಈ ಜಲಾಶಯದ ಸಾಮರ್ಥ್ಯವು ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ. ಹೂಳೆಂದರೆ ನೀರಿನ ಜಾಗ ಹೋಯಿತೆಂದಷ್ಟೇ ನಾವು ಲೆಕ್ಕ ಹಾಕುತ್ತೇವೆ. ಅದು ರಂಜಕದ ಉಗ್ರಾಣವೂ ಹೌದು.

ರಂಜಕದ ಪಾತ್ರ ಎಷ್ಟೆಂಬುದನ್ನು ಕೆನಡಾದ ವಿಜ್ಞಾನಿ ಡೇವಿಡ್ ಶಿಂಡ್ಲರ್ ಮತ್ತು ಸಂಗಡಿಗರು 1973ರಲ್ಲಿ ತೋರಿಸಿಕೊಟ್ಟರು. ಒಂದು ಸರೋವರವನ್ನು ಪರದೆಯಿಂದ ಇಬ್ಭಾಗಿಸಿ, ಎರಡೂ ಕಡೆ ಇಂಗಾಲ ಮತ್ತು ಸಾರಜನಕವನ್ನು ಹಾಕಿ, ಒಂದು ಕಡೆಗೆ ಮಾತ್ರ ರಂಜಕವನ್ನೂ ಸೇರಿಸಿದರು. ರಂಜಕ ಸೇರಿದ ಭಾಗ ಪಾಚಿಯಿಂದ ಹಸಿರಾಯಿತು.

ಇದು ನೋಟಕ್ಕಷ್ಟೇ ಸೀಮಿತವಾದ ತೊಂದರೆಯಲ್ಲ. ನೀಲಿ-ಹಸಿರು ಪಾಚಿಯ ಕೆಲವು ಬಗೆಗಳು ಯಕೃತ್ತಿಗೆ ಹಾನಿ ಮಾಡುವ ವಿಷವನ್ನು ಉತ್ಪಾದಿಸುತ್ತವೆ. ಆ ವಿಷ ಕುದಿಸಿದರೂ ಹೋಗದು. ಪಾಚಿ ಸತ್ತು ಕೊಳೆಯುವಾಗ ನೀರಿನ ಆಮ್ಲಜನಕ ಕುಗ್ಗಿ ಮೀನುಗಳು ಸಾಯುತ್ತವೆ. ತಳದಲ್ಲಿ ಆಮ್ಲಜನಕ ತೀರಿದಾಗ, ಹೂಳಿನಲ್ಲಿ ಕಬ್ಬಿಣದೊಡನೆ ಬಂಧಿತವಾಗಿದ್ದ ರಂಜಕವು ಬಿಡುಗಡೆಗೊಂಡು ಮತ್ತೆ ನೀರಿಗೆ ಬೆರೆಯುತ್ತದೆ. ಆದುದರಿಂದ ಹೊರಗಿನ ಹರಿವನ್ನು ಇಂದೇ ನಿಲ್ಲಿಸಿದರೂ ನೀರು ತಿಳಿಯಾಗಲು ವರ್ಷಗಳು ಬೇಕಾಗಬಹುದು.

ಹೀಗಿರುವಾಗ ತಡೆಯುವುದೇ ಸುಲಭದ ದಾರಿ. ರೈತ ಬಾಂಧವರು ಮಣ್ಣು ಪರೀಕ್ಷೆಯನ್ನು ಅನುಸರಿಸಿ ಅಗತ್ಯವಿದ್ದಷ್ಟೇ ಗೊಬ್ಬರ ಕೊಡುವುದು, ಜೋರು ಮಳೆಯ ಸೂಚನೆಯಿದ್ದಾಗ ಗೊಬ್ಬರ ಎರಚದಿರುವುದು, ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದು, ಹಳ್ಳದ ದಂಡೆಯಲ್ಲಿ ಹುಲ್ಲು ಮತ್ತು ಮರಗಳ ಪಟ್ಟಿಯನ್ನು ಉಳಿಸುವುದು ಅವಶ್ಯ. ಊರಿನ ಕೊಳಚೆ ನೀರನ್ನು ಶುದ್ಧೀಕರಿಸದೆ ನದಿಗೆ ಬಿಡದಿರುವುದು ಸ್ಥಳೀಯ ಸಂಸ್ಥೆಗಳ ಹೊಣೆ. ಹೊಲದಿಂದ ಕೊಚ್ಚಿಹೋದ ಗೊಬ್ಬರದ ಬೆಲೆಯನ್ನು ಮೊದಲು ರೈತನೂ, ಆಮೇಲೆ ಆ ನೀರನ್ನು ಕುಡಿಯುವ ಕೆಳಗಿನ ಊರಿನವರೂ ತೆರಬೇಕಾಗುತ್ತದೆ.