ಎರಡು ಲಕ್ಷದ ಡ್ರೋನು, ಐದು ಸಾವಿರದ ಮದುವೆ

ಮದುವೆ ಬುಕ್ ಮಾಡಲು ಸ್ಟುಡಿಯೊಗೆ ಬರುವ ಹೆಣ್ಣಿನ ತಂದೆ ಕೇಳುವುದು ಒಂದೇ ಮಾತು: "ಡ್ರೋನ್ ಐತೇನಣ್ಣಾ?" ಅದು ಯಾವ ಡ್ರೋನು, ಅದರ ಸೆನ್ಸರ್ ಎಷ್ಟು ದೊಡ್ಡದು ಎಂದು ಯಾರೂ ಕೇಳಿದ್ದನ್ನು ನಾನು ಕಂಡಿಲ್ಲ. ಆದರೂ ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಕಡೆ ಹೊಸದಾಗಿ ಸ್ಟುಡಿಯೊ ತೆರೆದ ಹುಡುಗರು ಸಾಲ ಮಾಡಿಯಾದರೂ ಮೇಲ್ದರ್ಜೆಯ ಡ್ರೋನು ತರಬೇಕು ಎನ್ನುತ್ತಾರೆ. ಈ ಲೆಕ್ಕ ಅವರಿಗಾಗಿ.

ಅಳತೆಗೋಲಿಗೆ ಎಲ್ಲರ ಬಾಯಲ್ಲಿರುವ ಮೂರು ಮಾದರಿ ತೆಗೆದುಕೊಳ್ಳೋಣ. ಡಿಜೆಐ ಮಿನಿ 4 ಪ್ರೊ 249 ಗ್ರಾಂ ತೂಗುತ್ತದೆ. ಅಮೆರಿಕದಲ್ಲಿ ಅದರ ಬಿಡುಗಡೆ ಬೆಲೆ 759 ಡಾಲರ್. ಏರ್ 3ಎಸ್ 724 ಗ್ರಾಂ, 1,099 ಡಾಲರ್. ಮ್ಯಾವಿಕ್ 3 ಪ್ರೊ 958 ಗ್ರಾಂ, 2,199 ಡಾಲರ್. ಡಾಲರಿಗೆ 88 ರೂಪಾಯಿ ಹಿಡಿದರೆ ಕ್ರಮವಾಗಿ ಸುಮಾರು 66,800, 96,700 ಮತ್ತು 1,93,500 ರೂಪಾಯಿ. ಮೊದಲನೆಯದಕ್ಕೂ ಕೊನೆಯದಕ್ಕೂ 1,26,700 ರೂಪಾಯಿ ಅಂತರ. ಅಷ್ಟು ಹಣಕ್ಕೆ ಏನು ಹೆಚ್ಚಿಗೆ ಸಿಗುತ್ತದೆ?

ಅಂಗಡಿಯವರು ಮೊದಲು ತೋರಿಸುವುದು ಸೆನ್ಸರ್. ಮಿನಿಯದು ಸುಮಾರು 70 ಚದರ ಮಿ.ಮೀ., ಮ್ಯಾವಿಕ್‌ನದು 225. ಮೂರು ಪಟ್ಟಿಗಿಂತ ಹೆಚ್ಚು. ಆದರೆ ಬೆಳಕು ಒಳಗೆ ಬರುವುದು ಲೆನ್ಸಿನ ಕಿಂಡಿಯಿಂದ. ಮಿನಿಯ ಕಿಂಡಿ ಎಫ್ 1.7, ಮ್ಯಾವಿಕ್‌ನ ಮುಖ್ಯ ಕ್ಯಾಮೆರಾದ್ದು ಎಫ್ 2.8, ಈ ಸಂಖ್ಯೆ ದೊಡ್ಡದಾದಷ್ಟೂ ಬರುವ ಬೆಳಕು ಕಡಿಮೆ. ಸೆನ್ಸರಿನ ವಿಸ್ತೀರ್ಣವನ್ನು ಎಫ್ ಸಂಖ್ಯೆಯ ವರ್ಗದಿಂದ ಭಾಗಿಸಿ ನೋಡಿ: ಮಿನಿಗೆ 24, ಮ್ಯಾವಿಕ್‌ಗೆ 29. ಸಂಜೆಯ ಆರತಕ್ಷತೆಗೆ ಮೂರು ಪಟ್ಟು ಬೆಳಕು ಸಿಗುತ್ತದೆಂದು ಹಣ ಕೊಟ್ಟವನಿಗೆ ಹೆಚ್ಚಿಗೆ ಸಿಕ್ಕಿದ್ದು ಐದನೇ ಒಂದು ಪಾಲು ಮಾತ್ರ. ನಡುವಿನ ಏರ್ 3ಎಸ್ 116 ಚದರ ಮಿ.ಮೀ., ಎಫ್ 1.8, ಅದರ ಲೆಕ್ಕ 36 ಬರುತ್ತದೆ. ಅಂದರೆ ಕತ್ತಲಲ್ಲಿ ಅರ್ಧ ಬೆಲೆಯದೇ ಮುಂದು! ಹಗಲಿನಲ್ಲಿ ಬಣ್ಣದ ಸೂಕ್ಷ್ಮಕ್ಕೆ, ಮುಚ್ಚಿ ತೆರೆಯಬಲ್ಲ ಕಿಂಡಿಗೆ ಮ್ಯಾವಿಕ್ ಮೇಲು, ಒಪ್ಪೋಣ. ಆ ಸೂಕ್ಷ್ಮ ವಾಟ್ಸಾಪ್‌ನಲ್ಲಿ ಹಿಂಡಿ ಕಳಿಸಿದ ವಿಡಿಯೊದಲ್ಲಿ ಉಳಿಯುವುದಿಲ್ಲ.

ಮದುವೆ ಬಿಟ್ಟರೆ ನಮ್ಮ ಕಡೆ ಡ್ರೋನಿಗೆ ಇನ್ನೊಂದು ಕೆಲಸ ತೋಟದ್ದು. ಚೇಣಿಗೆ (ಫಸಲಿನ ಗುತ್ತಿಗೆಗೆ) ಕೊಡುವ ಮುಂಚೆ ಮರ ಎಣಿಸಬೇಕು, ಎಲ್ಲಿ ಸುಳಿ ಒಣಗಿದೆ ನೋಡಬೇಕು. 400 ಅಡಿ ಎತ್ತರದಿಂದ ಈ ಡ್ರೋನುಗಳ ಅಗಲದ ಲೆನ್ಸು ಸುಮಾರು 180 ಮೀಟರ್ ಉದ್ದ, 101 ಮೀಟರ್ ಅಗಲದ ನೆಲ ಹಿಡಿಯುತ್ತದೆ. ಅದು ನಾಲ್ಕೂವರೆ ಎಕರೆ. ಒಂಬತ್ತು ಅಡಿಗೊಂದರಂತೆ ಅಡಿಕೆ ಸಸಿ ಇಟ್ಟಿದ್ದರೆ ಎಕರೆಗೆ 537 ಮರ. ಒಂದು ಚೌಕಟ್ಟಿನೊಳಗೆ ಹೆಚ್ಚುಕಡಿಮೆ 2,400 ಮರ. 4ಕೆ ಚಿತ್ರದಲ್ಲಿ ಒಂದೊಂದು ಚುಕ್ಕೆ ನೆಲದ ಮೇಲೆ 4.7 ಸೆಂ.ಮೀ. ಹಾಗಾಗಿ ಎರಡೂವರೆ ಮೀಟರ್ ಹರಡಿದ ಸೋಗೆಯ ಸುತ್ತು ಪರದೆಯ ಮೇಲೆ 53 ಚುಕ್ಕೆಯಷ್ಟು ಕಾಣುತ್ತದೆ, ಎಣಿಸಲು ಧಾರಾಳ. ಇದು ಮೂರೂ ಯಂತ್ರಕ್ಕೆ ಹೆಚ್ಚುಕಡಿಮೆ ಒಂದೇ ಲೆಕ್ಕ. ಹೊಳಲ್ಕೆರೆಯ ಅಡಿಕೆ ತೋಟಕ್ಕೂ ಹೊಸದುರ್ಗದ ತೆಂಗಿನ ತೋಟಕ್ಕೂ ಎರಡು ಲಕ್ಷದ ಕಣ್ಣು ಬೇಕಿಲ್ಲ.

ದುಡ್ಡು ಹೆಚ್ಚು ಕೊಟ್ಟಿದ್ದಕ್ಕೆ ಬೆಲೆ ಬರುವುದು ಗಾಳಿಯಲ್ಲಿ. ನಮ್ಮದು ಗಾಳಿಯ ಸೀಮೆ. ಚಿತ್ರದುರ್ಗದ ಜೋಗಿಮಟ್ಟಿಯ ಗುಡ್ಡಗಳ ಮೇಲೆ ಗಾಳಿಯಂತ್ರ ನಿಂತಿರುವುದೇ ಅದಕ್ಕೆ. ಮಿನಿ ತಡೆಯುವುದು ಸೆಕೆಂಡಿಗೆ 10.7 ಮೀಟರ್, ಅಂದರೆ ಗಂಟೆಗೆ 38 ಕಿ.ಮೀ.; ಮ್ಯಾವಿಕ್ 12 ಮೀಟರ್, ಗಂಟೆಗೆ 43 ಕಿ.ಮೀ. ಅಷ್ಟರಲ್ಲಿ ದೊಡ್ಡ ವ್ಯತ್ಯಾಸವಿಲ್ಲ. ವ್ಯತ್ಯಾಸ ಗೊತ್ತಾಗುವುದು ವಾಪಸು ಕರೆಯುವಾಗ. ಸೆಕೆಂಡಿಗೆ 8 ಮೀಟರ್ ಎದುರುಗಾಳಿ ಇದೆ, ಡ್ರೋನು ಒಂದು ಕಿಲೋಮೀಟರ್ ಆಚೆ ಇದೆ ಅನ್ನಿ. ಸೆಕೆಂಡಿಗೆ 16 ಮೀಟರ್ ಓಡಬಲ್ಲ ಮಿನಿಗೆ ನೆಲದ ಲೆಕ್ಕದಲ್ಲಿ ಉಳಿಯುವ ವೇಗ 8. ಮನೆಗೆ ಬರಲು 125 ಸೆಕೆಂಡು ಬೇಕು. 21 ಮೀಟರ್ ಓಡುವ ಮ್ಯಾವಿಕ್‌ಗೆ 77 ಸಾಕು. ಪರದೆಯ ಮೇಲೆ ಗಾಳಿಯ ಎಚ್ಚರಿಕೆ ಕೆಂಪಾಗಿ ಮಿನುಗುತ್ತಾ, ಬ್ಯಾಟರಿಯ ಅಂಕೆ ಒಂದೊಂದೇ ಇಳಿಯುತ್ತಾ, ಡ್ರೋನು ಮಾತ್ರ ತೆಂಗಿನ ತಲೆಗಳ ಮೇಲೆ ನಿಂತಲ್ಲೇ ನಿಂತಂತೆ ಕಾಣುವಾಗ ಆ 48 ಸೆಕೆಂಡು ಬಹಳ ದೊಡ್ಡದು. ಒಂದು ಸಮಾಧಾನವೆಂದರೆ, ಗಾಳಿ ಜೋರಾಗುವ ಆಷಾಢದಲ್ಲಿ ಮದುವೆಗಳೇ ಇರುವುದಿಲ್ಲ.

ಈಗ ತೂಕ. 2021ರ ಡ್ರೋನ್ ನಿಯಮಗಳ ಪ್ರಕಾರ 250 ಗ್ರಾಂವರೆಗಿನದು ನ್ಯಾನೊ. ಅದಕ್ಕೆ ಪೈಲಟ್ ಪ್ರಮಾಣಪತ್ರ ಬೇಡ, ಥರ್ಡ್ ಪಾರ್ಟಿ ವಿಮೆ ಕಡ್ಡಾಯವಲ್ಲ, ಮಾದರಿಯ ಟೈಪ್ ಸರ್ಟಿಫಿಕೇಟೂ ಬೇಡ. ಅದರ ಮೇಲೆ 2 ಕಿಲೊವರೆಗೆ ಮೈಕ್ರೊ. ಹಣ ಪಡೆದು ಹಾರಿಸುವುದಾದರೆ ಈ ಮೂರೂ ಬೇಕು. ಮಿನಿಯನ್ನು ಅದರ ಮಾಮೂಲಿ ಬ್ಯಾಟರಿ ಸಮೇತ ತಕ್ಕಡಿಯ ಮೇಲಿಡಿ: 249. ಅದನ್ನು ತೆಗೆದು 34 ನಿಮಿಷದ ಹಾರಾಟವನ್ನು 45ಕ್ಕೆ ಏರಿಸುವ 'ಪ್ಲಸ್' ಬ್ಯಾಟರಿ ಕೂರಿಸಿ. ಮುಳ್ಳು 250 ದಾಟುತ್ತದೆ, ನಿಮ್ಮ ಡ್ರೋನು ಮೈಕ್ರೊ ಆಗುತ್ತದೆ. ನಿಯಮ ಮೀರಿದರೆ ದಂಡ 1 ಲಕ್ಷದವರೆಗೆ, ಡ್ರೋನಿನ ಬೆಲೆಗಿಂತ ಹೆಚ್ಚು. ಹೆಚ್ಚು ಹೊತ್ತು ಹಾರಿಸಬೇಕಿದ್ದರೆ ಮಾಮೂಲಿ ಬ್ಯಾಟರಿಯನ್ನೇ ಇನ್ನೆರಡು ಇಟ್ಟುಕೊಳ್ಳುವುದು ಒಳ್ಳೆಯದು.

ಇನ್ನೊಂದನ್ನು ಬಿಚ್ಚಿ ಹೇಳಬೇಕು. 2022ರ ಫೆಬ್ರವರಿ 9ರಿಂದ ಸಿದ್ಧ ಡ್ರೋನುಗಳ ಆಮದಿಗೆ ನಿಷೇಧವಿದೆ. ರಕ್ಷಣೆ, ಸಂಶೋಧನೆಗಷ್ಟೇ ವಿನಾಯಿತಿ. ಹಾಗಾಗಿ ಹೊರಗಿನಿಂದ ಬಂದು ಬಿಲ್ ಇಲ್ಲದೆ, ವಾರಂಟಿ ಇಲ್ಲದೆ ಕೈಬದಲಾಗುವ ಎರಡು ಲಕ್ಷದ ಡ್ರೋನು ಒಮ್ಮೆ ಹುಣಸೆಮರಕ್ಕೆ ಬಡಿದರೆ ದುರಸ್ತಿಗೆ ಯಾರ ಬಾಗಿಲು ತಟ್ಟುವುದು? ಯುಐಎನ್ ನೋಂದಣಿ ಸಂಖ್ಯೆ ಎಲ್ಲ ತೂಕದ ಡ್ರೋನಿಗೂ ಬೇಕು. ಅದು ಸಿಗುತ್ತದೆಂದು ಮುಂಗಡ ಕೊಡುವ ಮುಂಚೆಯೇ ಬರವಣಿಗೆಯಲ್ಲಿ ಕೇಳಿ. ಇಲ್ಲೇ ತಯಾರಾದ ಡ್ರೋನು ಕೊಳ್ಳುವವರಿಗೆ 2025ರ ಸೆಪ್ಟೆಂಬರ್ 22ರಿಂದ ಅನುಕೂಲವಾಗಿದೆ. ಕ್ಯಾಮೆರಾ ಡ್ರೋನಿನ ಜಿಎಸ್‌ಟಿ ಶೇಕಡ 18ರಿಂದ 5ಕ್ಕೆ ಇಳಿದಿದ್ದು, ಲಕ್ಷದ ಮೂಲಬೆಲೆಯ ಮೇಲೆ 13,000 ರೂಪಾಯಿ ಉಳಿಯುತ್ತದೆ.

ಮದುವೆಯೊಂದಕ್ಕೆ ಡ್ರೋನಿನ ಬಾಬ್ತು 5,000 ರೂಪಾಯಿ, ವರ್ಷಕ್ಕೆ 40 ಕೆಲಸ, ಡ್ರೋನಿನ ಆಯುಸ್ಸು ಮೂರು ವರ್ಷ ಎಂದು ನಾನು ಹಿಡಿಯುತ್ತೇನೆ; ನಿಮ್ಮ ಅಂಕೆ ಬೇರೆಯಿದ್ದರೆ ಬದಲಿಸಿಕೊಳ್ಳಿ. ಮಿನಿಗೆ ಎರಡು ಹೆಚ್ಚುವರಿ ಬ್ಯಾಟರಿ ಸೇರಿ 85,000. ಮ್ಯಾವಿಕ್‌ಗೆ ಬ್ಯಾಟರಿ 30,000, ತರಬೇತಿ 50,000, ವಿಮೆ 6,000 ಸೇರಿಸಿದರೆ 2,80,000. 120 ಮದುವೆಗೆ ಹಂಚಿದರೆ ಮದುವೆಯೊಂದಕ್ಕೆ ಮಿನಿಯ ಖರ್ಚು 708 ರೂಪಾಯಿ, ಮ್ಯಾವಿಕ್‌ನದು 2,333. ಕೆಲಸ ವರ್ಷಕ್ಕೆ 20ಕ್ಕೆ ಇಳಿದರೆ 1,417 ಮತ್ತು 4,667. ಎರಡನೆಯದರಲ್ಲಿ 5,000ಕ್ಕೆ ಉಳಿಯುವುದು 333 ರೂಪಾಯಿ. ಹಾರಿಸುವ ಹುಡುಗನ ಸಂಬಳ, ಬೈಕಿನ ಪೆಟ್ರೋಲು ಇನ್ನೂ ಲೆಕ್ಕಕ್ಕೇ ಬಂದಿಲ್ಲ. ಟೈಪ್ ಸರ್ಟಿಫಿಕೇಟ್ ಇಲ್ಲದೆ ಮ್ಯಾವಿಕ್ ಅನ್ನು ಬಾಡಿಗೆಗೆ ಹಾರಿಸುವಂತೆಯೂ ಇಲ್ಲ.

ದೊಡ್ಡ ಕ್ಯಾಮೆರಾಕ್ಕೆ ನ್ಯಾಯ ಸಲ್ಲಿಸುವಂಥ ಜಾಗಗಳಲ್ಲೇ ತಡೆ ಹೆಚ್ಚು. ಚಿತ್ರದುರ್ಗದ ಏಳುಸುತ್ತಿನ ಕೋಟೆ ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿದೆ, ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ಜೋಗಿಮಟ್ಟಿಯಲ್ಲಿ ಅರಣ್ಯ ಇಲಾಖೆಯನ್ನು ಕೇಳಬೇಕು. 1933ರ ನಂತರ 2022ರಲ್ಲಿ ಹಿರಿಯೂರಿನ ವಾಣಿವಿಲಾಸ ಸಾಗರ ಕೋಡಿ ಬಿದ್ದಾಗ ಆ ನೋಟ ಹಿಡಿಯಬೇಕೆನ್ನುವ ಆಸೆ ಯಾರಿಗೆ ಇರಲಿಲ್ಲ? ಆದರೆ ಪಕ್ಕದ ಚಳ್ಳಕೆರೆ ತಾಲ್ಲೂಕಿನಲ್ಲಿ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯವಿದೆ. ಅಲ್ಲಿಂದ ಹೊರಟ ತಪಸ್ ಎಂಬ ಮಾನವರಹಿತ ವಿಮಾನ 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನ ವದ್ದಿಕೆರೆಯ ಹೊಲದಲ್ಲಿ ಬಿದ್ದಿತ್ತು. ಈ ಆಕಾಶದಲ್ಲಿ ಹಾರಿಸುವ ಮುಂಚೆ, ಎಲ್ಲಿ ಹಾರಿಸಬಹುದೆಂದು ತೋರಿಸುವ ಸರ್ಕಾರದ ಡಿಜಿಟಲ್ ಸ್ಕೈ ನಕ್ಷೆ ನೋಡಲೇಬೇಕು.

ಮೇಲ್ದರ್ಜೆಗೆ ನಿಜವಾದ ಕೆಲಸ ನಮ್ಮಲ್ಲಿ ಒಂದಿದೆ: ಗಾಳಿಯಂತ್ರದ ರೆಕ್ಕೆಯ ತಪಾಸಣೆ. 30 ಮೀಟರ್ ದೂರ ನಿಂತು ನೋಡಿದರೆ ಮಿನಿಯ 48 ಮೆಗಾಪಿಕ್ಸೆಲ್ ಚಿತ್ರದಲ್ಲಿ ಒಂದು ಚುಕ್ಕೆಗೆ ಐದೂವರೆ ಮಿ.ಮೀ.; ಮ್ಯಾವಿಕ್‌ನ 7 ಪಟ್ಟಿನ ಜೂಮಿನಲ್ಲಿ ಒಂದೂವರೆ ಮಿ.ಮೀ. ಸಣ್ಣ ಬಿರುಕು ಹುಡುಕುವವನಿಗೆ ಇದು ಹಣ ಕೊಡಬೇಕಾದ ಅಂತರವೇ. ಇದೂ ಹಣ ಪಡೆದು ಮಾಡುವ ಕೆಲಸವಾದ್ದರಿಂದ ಇಂಥದೇ ಜೂಮ್ ಇರುವ, ಟೈಪ್ ಸರ್ಟಿಫಿಕೇಟ್ ಪಡೆದ ಡ್ರೋನು ಬೇಕು, ಹಾರಿಸುವವನ ಕೈಯಲ್ಲಿ ಪೈಲಟ್ ಪ್ರಮಾಣಪತ್ರ ಇರಬೇಕು. ಅದರ ತರಬೇತಿಗೆ ಸೇರಲು ಹತ್ತನೇ ತರಗತಿ ಪಾಸಾಗಿ 18 ತುಂಬಿದ್ದರೆ ಸಾಕು. ಪ್ರಮಾಣಪತ್ರ ಒಮ್ಮೆ ಪಡೆದರೆ ಹತ್ತು ವರ್ಷ ನಡೆಯುತ್ತದೆ. ಸಾಲ ಮಾಡುವುದಿದ್ದರೆ ಮೊದಲ 50,000 ಅದಕ್ಕೆ ಹೋಗಲಿ.