ಕಲ್ಲಿಗಂಟಿದ ಎಣ್ಣೆಯೂ ನೀರಿನ ಉಪ್ಪೂ

ದೀಪಾವಳಿಗೆಂದು ಕೊಂಡು ತಂದ ಹೊಸ ಹಣತೆಗಳನ್ನು ಗೃಹಿಣಿಯರು ಮೊದಲು ನೀರಿನಲ್ಲಿ ನೆನೆಯಲಿಡುತ್ತಾರೆ. ಹಾಗೆ ಮಾಡದಿದ್ದರೆ ಒಣಮಣ್ಣು ಎಣ್ಣೆಯನ್ನೆಲ್ಲ ಹೀರಿ, ದೀಪವು ಬೇಗನೆ ನಂದಿಹೋಗುತ್ತದೆ. ಮಣ್ಣಿನ ಸೂಕ್ಷ್ಮ ರಂಧ್ರಗಳನ್ನು ನೀರು ಮೊದಲೇ ಆಕ್ರಮಿಸಿಕೊಂಡರೆ ಎಣ್ಣೆಗೆ ಅಲ್ಲಿ ಎಡೆ ದೊರೆಯುವುದಿಲ್ಲ. ಅಡುಗೆಮನೆಯ ಈ ಸಣ್ಣ ತಿಳಿವಳಿಕೆಯೇ ಭೂಗರ್ಭದ ತೈಲೋದ್ಯಮದಲ್ಲಿ ಕೋಟ್ಯಂತರ ಬ್ಯಾರಲುಗಳ ಲಾಭನಷ್ಟವನ್ನು ನಿರ್ಧರಿಸುವ ಪ್ರಶ್ನೆಯಾಗಿದೆ.

ಕಲ್ಲೆಣ್ಣೆಯು ನೆಲದಡಿಯಲ್ಲಿ ಕೆರೆಯಂತೆ ತುಂಬಿಕೊಂಡಿದೆಯೆಂದು ಹಲವರ ಭಾವನೆ. ವಾಸ್ತವದಲ್ಲಿ ಅದು ಮರಳುಗಲ್ಲು, ಸುಣ್ಣಕಲ್ಲುಗಳ ಅತಿಸೂಕ್ಷ್ಮ ರಂಧ್ರಗಳಲ್ಲಿ ಅಡಗಿರುತ್ತದೆ. ಬಾವಿಯನ್ನು ಕೊರೆದಾಗ ತನ್ನ ಒತ್ತಡದಿಂದಲೇ ಮೇಲೇರಿ ಬರುವುದು ಅದರ ಒಂದು ಭಾಗ ಮಾತ್ರ. ಒತ್ತಡ ಕುಗ್ಗಿದ ಬಳಿಕ ಮತ್ತೊಂದು ಬಾವಿಯಿಂದ ನೀರನ್ನು ನುಗ್ಗಿಸಿ ಎಣ್ಣೆಯನ್ನು ಮುಂದಕ್ಕೆ ತಳ್ಳುವುದು ವಾಡಿಕೆ. ಇಷ್ಟಾದರೂ ಅನೇಕ ಕ್ಷೇತ್ರಗಳಲ್ಲಿ ಅರ್ಧಕ್ಕಿಂತಲೂ ಹೆಚ್ಚು ಎಣ್ಣೆ ಕಲ್ಲಿನಲ್ಲಿಯೇ ಉಳಿದುಬಿಡುತ್ತದೆ.

ಇದಕ್ಕೆ ಒಂದು ಮುಖ್ಯ ಕಾರಣ ಕಲ್ಲಿನ ಒಲವು. ಕೆಲವು ಕಲ್ಲುಗಳ ಮೈಗೆ ನೀರು ಪ್ರಿಯ, ಕೆಲವಕ್ಕೆ ಎಣ್ಣೆ. ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುತ್ತದೆ, ಗಾಜಿನ ಮೇಲೆ ಹರಡಿಕೊಳ್ಳುತ್ತದೆ. ಭೇದವಿರುವುದು ನೀರಿನಲ್ಲಲ್ಲ, ಮೇಲ್ಮೈಯಲ್ಲಿ. ನೀರನ್ನು ಬಯಸುವ ಕಲ್ಲು ಎಣ್ಣೆಯನ್ನು ಸುಲಭವಾಗಿ ಬಿಟ್ಟುಕೊಡುತ್ತದೆ. ಎಣ್ಣೆಯನ್ನು ಅಪ್ಪಿಕೊಂಡ ಕಲ್ಲಿನಲ್ಲಿ ನೀರು ನಡುದಾರಿಯಲ್ಲಿ ಹರಿದುಹೋಗುತ್ತದೆ. ಗೋಡೆಗಂಟಿದ ಎಣ್ಣೆ ಅಲ್ಲಿಯೇ ನಿಲ್ಲುತ್ತದೆ.

ಅಂಟಿನ ರಹಸ್ಯ

ಸಮುದ್ರತಳದಲ್ಲಿ ಹುಟ್ಟಿದ ಮರಳುಗಲ್ಲು ಮೊದಲು ನೀರಿನಿಂದಲೇ ತೊಯ್ದಿದ್ದಿತು. ಅನಂತರ ಬಂದು ಸೇರಿದ ಎಣ್ಣೆಯಲ್ಲಿ ಕೆಲವು ಆಮ್ಲಾಂಶಗಳಿರುತ್ತವೆ. ಕಲ್ಲಿನೊಳಗಿನ ಜೇಡಿಮಣ್ಣಿನ ಕಣಗಳ ಮೈಯಲ್ಲಿ ಋಣ ವಿದ್ಯುದಂಶ, ಆಮ್ಲಾಂಶಗಳಲ್ಲಿಯೂ ಋಣವೇ. ಇವೆರಡೂ ಒಂದನ್ನೊಂದು ದೂರ ತಳ್ಳಬೇಕು. ಆದರೆ ನೀರಿನಲ್ಲಿ ಕರಗಿದ ಕ್ಯಾಲ್ಸಿಯಂ ಎರಡು ಧನಾಂಶಗಳನ್ನು ಹೊತ್ತು, ಒಂದು ಕೈಯಿಂದ ಜೇಡಿಯನ್ನೂ ಇನ್ನೊಂದರಿಂದ ಎಣ್ಣೆಯನ್ನೂ ಹಿಡಿದು ಜಗಳಗಂಟರ ನಡುವಿನ ಮಧ್ಯಸ್ಥನಂತೆ ಬೆಸೆಯುತ್ತದೆ.

ನುಗ್ಗಿಸುವ ನೀರು ಉಪ್ಪಾದರೇನು, ಸಿಹಿಯಾದರೇನು ಎಂಬುದೇ ಬಹುಕಾಲದ ಧೋರಣೆಯಾಗಿತ್ತು. ಅಲ್ಲಲ್ಲಿ ಸಂಶಯದ ದನಿಗಳು ಎದ್ದರೂ ಯಾರೂ ಹೆಚ್ಚು ಗಮನಿಸಲಿಲ್ಲ. ೧೯೯೦ರ ದಶಕದಲ್ಲಿ ಅಮೆರಿಕದ ವಯೋಮಿಂಗ್ ವಿಶ್ವವಿದ್ಯಾನಿಲಯದ ನಾರ್ಮನ್ ಮಾರೋ ಅವರೂ ಸಹೋದ್ಯೋಗಿ ಟ್ಯಾಂಗ್ ಅವರೂ ನಡೆಸಿದ ಪ್ರಯೋಗಗಳು ಈ ಧೋರಣೆಯನ್ನು ಅಲುಗಿಸಿದವು. ಅದೇ ಕಲ್ಲು, ಅದೇ ಎಣ್ಣೆ. ನೀರಿನ ಉಪ್ಪನ್ನು ಕಡಿಮೆ ಮಾಡಿದಾಗ ಹೆಚ್ಚು ಎಣ್ಣೆ ಹೊರಬಂದಿತು. ಕಲ್ಲನ್ನು ಸುಟ್ಟು ಜೇಡಿಯ ಗುಣವನ್ನು ಕೆಡಿಸಿದರೆ ಆ ಪರಿಣಾಮ ಮಾಯವಾಗುತ್ತಿತ್ತು. ಶುದ್ಧೀಕರಿಸಿದ ಎಣ್ಣೆಯನ್ನು ಬಳಸಿದರೂ ಹಾಗೆಯೇ. ಜೇಡಿ, ಕಚ್ಚಾ ಎಣ್ಣೆ, ನೀರು ಈ ಮೂರರ ಕೂಟದಲ್ಲಿಯೇ ಗುಟ್ಟಿದೆಯೆಂಬುದು ಹೀಗೆ ಸ್ಪಷ್ಟವಾಯಿತು.

ಸಪ್ಪೆ ನೀರು ಬಂದಾಗ ಕ್ಯಾಲ್ಸಿಯಂನ ಹಿಡಿತ ಸಡಿಲುತ್ತದೆ. ಉಪ್ಪಿನ ಒತ್ತಿನಲ್ಲಿ ಕುಗ್ಗಿದ್ದ ವಿದ್ಯುತ್ಪದರಗಳು ಹಿಗ್ಗಿ ಎಣ್ಣೆಯೂ ಕಲ್ಲೂ ಮತ್ತೆ ದೂರ ಸರಿಯುತ್ತವೆ. ಇವುಗಳಲ್ಲಿ ಯಾವುದು ಪ್ರಧಾನವೆಂಬ ಬಗ್ಗೆ ವಿದ್ವಾಂಸರಲ್ಲಿ ಇನ್ನೂ ಒಮ್ಮತವಿಲ್ಲ. ಆದರೆ ಉಪ್ಪನ್ನು ಪೂರ್ತಿ ತೆಗೆಯುವುದೂ ಅಪಾಯವೇ: ತೀರ ಸಿಹಿನೀರು ತಗುಲಿದರೆ ಕೆಲವು ಬಗೆಯ ಜೇಡಿ ಉಬ್ಬಿಕೊಂಡು ರಂಧ್ರಗಳನ್ನೇ ಮುಚ್ಚಿಬಿಡುತ್ತದೆ. ಲೀಟರಿಗೆ ಸುಮಾರು ೩೫ ಗ್ರಾಂ ಉಪ್ಪಿರುವ ಕಡಲನೀರನ್ನು ಕೆಲವೇ ಗ್ರಾಂಗಳಿಗೆ ಇಳಿಸುವುದು ಸಾಮಾನ್ಯ ಕ್ರಮ.

ಎರಡು ಕ್ಷೇತ್ರಗಳ ಕಥೆಗಳು

ಸ್ಕಾಟ್ಲೆಂಡಿನ ಶೆಟ್ಲೆಂಡ್ ದ್ವೀಪಗಳ ಪಶ್ಚಿಮಕ್ಕಿರುವ ಕ್ಲೇರ್ ಕ್ಷೇತ್ರ ಪತ್ತೆಯಾದುದು ೧೯೭೭ರಲ್ಲಿ. ಕಲ್ಲು ಕಠಿನ, ಮೊದಲ ಎಣ್ಣೆ ದೊರೆಯಲು ೨೦೦೫ರವರೆಗೆ ಕಾಯಬೇಕಾಯಿತು. ಅದರ ಎರಡನೆಯ ಹಂತವಾದ ಕ್ಲೇರ್ ರಿಡ್ಜ್ ೨೦೧೮ರ ನವೆಂಬರಿನಲ್ಲಿ ಉತ್ಪಾದನೆ ಆರಂಭಿಸಿತು. ಕಡಲ ನಡುವಿನ ಆ ವೇದಿಕೆಯ ಮೇಲೆಯೇ ಕಡಲನೀರಿನ ಉಪ್ಪು ತೆಗೆಯುವ ಯಂತ್ರವನ್ನು ಸ್ಥಾಪಿಸಲಾಯಿತು. ಇದರಿಂದ ನಾಲ್ಕು ಕೋಟಿ ಬ್ಯಾರಲುಗಳವರೆಗೆ ಹೆಚ್ಚಿನ ಎಣ್ಣೆ ದೊರೆಯಬಹುದೆಂಬುದು ಬಿ. ಪಿ. ಸಂಸ್ಥೆಯ ಅಂದಾಜು.

ನಾರ್ವೆಯ ಕಡಲಿನ ಎಕೋಫಿಸ್ಕ್ ಕ್ಷೇತ್ರದ ಕಥೆ ಬೇರೆ. ೧೯೬೯ರಲ್ಲಿ ಪತ್ತೆಯಾದ ಇಲ್ಲಿನ ಕಲ್ಲು ಸೀಮೆಸುಣ್ಣ; ಸೂಕ್ಷ್ಮ ಪಾಚಿಗಳ ಚಿಪ್ಪುಗಳಿಂದಾದುದು. ಅದರ ಮೈಯಲ್ಲಿ ಧನಾಂಶ. ಎಣ್ಣೆಯ ಆಮ್ಲಾಂಶಗಳು ನೇರವಾಗಿ ಅಂಟುತ್ತವೆ. ಇಲ್ಲಿ ಕಡಲನೀರೇ ಮದ್ದಾಯಿತು. ಅದರಲ್ಲಿರುವ ಸಲ್ಫೇಟ್ ಸುಣ್ಣದ ಮೈಗೆ ಹತ್ತಿ ಧನಾಂಶವನ್ನು ತಗ್ಗಿಸುತ್ತದೆ; ಕ್ಯಾಲ್ಸಿಯಂ ಸಮೀಪಿಸಿ ಆಮ್ಲಾಂಶವನ್ನು ಬಿಡಿಸುತ್ತದೆ. ಸ್ಟಾವಾಂಗರ್ ವಿಶ್ವವಿದ್ಯಾನಿಲಯದ ಟೋರ್ ಆಸ್ಟಾಡ್ ಮತ್ತು ಸಂಗಡಿಗರು ಇದನ್ನು ವಿವರಿಸಿದರು. ಮರಳುಗಲ್ಲಿನಲ್ಲಿ ಅಂಟಾಗಿದ್ದ ಕ್ಯಾಲ್ಸಿಯಂ ಸುಣ್ಣದಲ್ಲಿ ಬಿಡುಗಡೆಯ ಸಾಧನವಾಯಿತು.

೧೯೮೭ರಲ್ಲಿ ಅಲ್ಲಿ ದೊಡ್ಡ ಪ್ರಮಾಣದಲ್ಲಿ ಕಡಲನೀರನ್ನು ನುಗ್ಗಿಸಲಾರಂಭಿಸಿದರು. ಶೇಕಡ ೧೭ರಷ್ಟು ಎಣ್ಣೆ ದೊರೆತೀತೆಂದು ಮೊದಲು ಎಣಿಸಿದ್ದ ಕ್ಷೇತ್ರದಿಂದ ಸುಮಾರು ಅರ್ಧದಷ್ಟನ್ನು ಪಡೆಯುವ ನಿರೀಕ್ಷೆ ಮೂಡಿತು. ಆದರೆ ಎಣ್ಣೆ ತೆಗೆದಂತೆ ಕಡಲತಳ ಕುಸಿಯುತ್ತಿದ್ದುದು ೧೯೮೪ರಲ್ಲಿಯೇ ಕಂಡುಬಂದು, ೧೯೮೭ರಲ್ಲಿ ಉಕ್ಕಿನ ವೇದಿಕೆಗಳನ್ನು ಆರು ಮೀಟರ್ ಮೇಲಕ್ಕೆತ್ತಬೇಕಾಗಿತ್ತು. ನುಗ್ಗಿಸಿದ ನೀರು ಒತ್ತಡವನ್ನು ಕಾಯ್ದುಕೊಂಡರೂ ಸೀಮೆಸುಣ್ಣವನ್ನು ಮೆದುಗೊಳಿಸಿತು. ಕುಸಿತ ಒಡನೆಯೇ ನಿಲ್ಲಲಿಲ್ಲ.

ಆದುದರಿಂದ ಒಂದು ಕ್ಷೇತ್ರದ ನೀರು ಇನ್ನೊಂದಕ್ಕೆ ಒಗ್ಗೀತೆಂದು ಯಾರೂ ಈಗ ಭಾವಿಸುವುದಿಲ್ಲ. ಬಾವಿಯಿಂದ ತೆಗೆದ ಕಲ್ಲಿನ ತುಂಡನ್ನು ಅಲ್ಲಿನದೇ ಎಣ್ಣೆಯಲ್ಲಿ, ಅಲ್ಲಿನದೇ ಶಾಖದಲ್ಲಿ ವಾರಗಟ್ಟಲೆ ನೆನೆಯಿಟ್ಟು, ಬಗೆಬಗೆಯ ನೀರನ್ನು ಹರಿಸಿ ನೋಡಿದ ಬಳಿಕವೇ ಎಂಜಿನಿಯರುಗಳು ಉಪ್ಪಿನ ಪ್ರಮಾಣವನ್ನು ನಿಶ್ಚಯಿಸುತ್ತಾರೆ.