ಅಡ್ಡ ಅಂಗಿಯ ಕಿರಿಯರು

1576ರಲ್ಲಿ ಇಂಗ್ಲೆಂಡಿನ ರಾಣಿಯ ಸೇವೆಯಲ್ಲಿದ್ದ ಕಿರಿಯ ಲಾಂಛನಾಧಿಕಾರಿಯೊಬ್ಬನಿಗೆ ದಂಡ ಬಿತ್ತು. ಅವನ ತಪ್ಪು ಇಷ್ಟೇ: ಅಂಗಿಯನ್ನು ನೆಟ್ಟಗೆ ತೊಟ್ಟಿದ್ದ. ಪಟ್ಟಾಭಿಷೇಕ, ಮೆರವಣಿಗೆ, ದೊಡ್ಡವರ ಶವಯಾತ್ರೆಗಳಲ್ಲಿ ಈ ಅಧಿಕಾರಿಗಳು ತೊಡುವ ಟಾಬರ್ಡ್ ಎಂಬ ಮೇಲಂಗಿಗೆ ಎದೆಗೊಂದು, ಬೆನ್ನಿಗೊಂದು ಉದ್ದನೆಯ ಪಟ್ಟಿ. ತೋಳುಗಳ ಮೇಲೆ ಒಂದೊಂದು ಗಿಡ್ಡ ಪಟ್ಟಿ. ಎಲ್ಲದರ ಮೇಲೂ ರಾಜಲಾಂಛನ. ಹೆರಾಲ್ಡ್ ಆದವನು ಅದನ್ನು ನೆಟ್ಟಗೆ ತೊಡಬೇಕು. ಅವನಿಗಿಂತ ಒಂದು ಮೆಟ್ಟಿಲು ಕೆಳಗಿನ ಪರ್ಸಿವಂಟ್ ಅದೇ ಅಂಗಿಯನ್ನು ಕಾಲು ಸುತ್ತು ತಿರುಗಿಸಿ, ತೋಳಿನ ಪಟ್ಟಿಗಳು ಎದೆಗೂ ಬೆನ್ನಿಗೂ ಬರುವಂತೆ ಅಡ್ಡಡ್ಡ ತೊಡಬೇಕು. ದಂಡ ತೆತ್ತವನು ಹೆರಾಲ್ಡ್‌ನ ಹಾಗೆ ತೊಟ್ಟು ತಿರುಗಿದ್ದ.

ಇದು ದರ್ಬಾರಿನ ಜಂಬ, ಬಟ್ಟೆಯ ಮೇಲಿನ ಜಗಳ ಎಂದು ನಕ್ಕುಬಿಡುವುದು ಸುಲಭ. ಆದರೆ ಈ ಜನರ ವಿದ್ಯೆ ಯಾವುದು ಎಂದು ನೋಡಿದರೆ ನಗು ಅಷ್ಟು ಸಲೀಸಾಗಿ ಬರುವುದಿಲ್ಲ. ತಂದೆ ಬದುಕಿರುವಾಗ ಹಿರಿಯ ಮಗ ತಂದೆಯ ಲಾಂಛನವನ್ನೇ ಧರಿಸುತ್ತಾನೆ, ಮೇಲ್ಭಾಗದಲ್ಲಿ ಮೂರು ಹಲ್ಲಿನ ಒಂದು ಪಟ್ಟಿ ಸೇರಿಸಿಕೊಂಡು. ಎರಡನೆಯವನು ಅರ್ಧಚಂದ್ರ ಸೇರಿಸುತ್ತಾನೆ, ಮೂರನೆಯವನು ನಕ್ಷತ್ರ. ಮನೆತನ ಒಂದೇ, ಗುರಾಣಿ ಒಂದೇ. ಕಿರಿಯನೆಂಬುದು ಒಂದು ಸಣ್ಣ ಗುರುತಿನಲ್ಲಿ ದೂರದಿಂದಲೇ ಗೊತ್ತಾಗಬೇಕು. ಅಡ್ಡ ಅಂಗಿ ಈ ಶಾಸ್ತ್ರವನ್ನೇ ಮೈಮೇಲೆ ತಂದದ್ದು. ಪರ್ಸಿವಂಟ್‌ನೂ ರಾಜನ ಮನುಷ್ಯನೇ, ಅವನ ಅಂಗಿಗೂ ಅದೇ ಲಾಂಛನ, ಆದರೆ ಅವನು ಮನೆಯ ಕಿರಿಯ. ಈ ಹುದ್ದೆ ಐದು ಶತಮಾನ ಬಾಳಿದ್ದಕ್ಕೆ ರಾಜರ ಪ್ರೀತಿಯೇ ಕಾರಣವೆಂದು ಸಾಮಾನ್ಯವಾಗಿ ಹೇಳುತ್ತಾರೆ. ನನ್ನ ವಾದ ಬೇರೆ. ಕಿರಿತನಕ್ಕೊಂದು ಗೊತ್ತಾದ ಜಾಗ, ಆ ಜಾಗಕ್ಕೊಂದು ಕಾಯಿದೆ ಇದ್ದದ್ದರಿಂದ ಅದು ಬಾಳಿತು. ರಾಜರ ಪ್ರೀತಿಯನ್ನಷ್ಟೇ ನಂಬಿದ ಹುದ್ದೆಗಳ ಗತಿ ಏನಾಯಿತೆಂದು ನೋಡಿದರೆ ಸಾಕು.

ಮೂರನೆಯ ರಿಚರ್ಡ್‌ನ ಗುರುತು ಬಿಳಿ ಕಾಡುಹಂದಿ. ಅದರ ಹೆಸರಿನಲ್ಲೇ ಅವನಿಗೆ ಬ್ಲಾಂಕ್ ಸಾಂಗ್ಲಿಯೇ ಎಂಬ ಪರ್ಸಿವಂಟ್ ಇದ್ದ. 1485ರ ಆಗಸ್ಟ್ 22ರಂದು ಬಾಸ್ವರ್ತ್ ಕಾಳಗದಲ್ಲಿ ರಿಚರ್ಡ್ ಸತ್ತಾಗ ಅವನ ಬೆತ್ತಲೆ ಹೆಣವನ್ನು ಇದೇ ಪರ್ಸಿವಂಟ್‌ನ ಕುದುರೆಯ ಮೇಲೆ ಹಿಂದುಗಡೆ ಕಟ್ಟಿ ಲೆಸ್ಟರ್ ಊರಿಗೆ ಸಾಗಿಸಿದರೆಂದು ಟ್ಯೂಡರ್ ಕಾಲದ ಚರಿತ್ರೆಕಾರರು ಬರೆದಿದ್ದಾರೆ. ಗೆದ್ದವರ ಕಡೆಯವರ ಬರಹ, ಸ್ವಲ್ಪ ಉಪ್ಪು ಖಾರ ಸೇರಿರಬಹುದು. ಹುದ್ದೆಯಂತೂ ಧಣಿಯ ಜೊತೆಗೇ ಹೋಯಿತು. ಗೆದ್ದ ಏಳನೆಯ ಹೆನ್ರಿ, ಲಾಂಛನಾಧಿಕಾರಿಗಳಿಗೆ ಹಿಂದಿನ ವರ್ಷವಷ್ಟೇ ರಿಚರ್ಡ್ ಕೊಟ್ಟಿದ್ದ ಕೋಲ್ಡ್‌ಹಾರ್ಬರ್ ಮನೆಯನ್ನು ಕಿತ್ತುಕೊಂಡು ತನ್ನ ತಾಯಿ ಮಾರ್ಗರೆಟ್ ಬ್ಯೂಫರ್ಟ್‌ಗೆ ಕೊಟ್ಟ. ಅದೇ ಕೈಯಲ್ಲಿ ತನ್ನ ಪಟ್ಟಾಭಿಷೇಕದ ಹಿಂದಿನ ದಿನ, ಅಕ್ಟೋಬರ್ 29ರಂದು, ರೂಜ್ ಡ್ರಾಗನ್ ಎಂಬ ಹೊಸ ಪರ್ಸಿವಂಟ್ ಹುದ್ದೆ ಹುಟ್ಟುಹಾಕಿದ. ಕೆಂಪು ಡ್ರಾಗನ್ ಅವನ ವೇಲ್ಸ್ ಮೂಲದ ಸಂಕೇತ. ತಾಯಿಯ ಮನೆತನದ ಗುರುತಾದ ಕೋಟೆಬಾಗಿಲಿನ ಸರಳುಕದದ ಹೆಸರಿನಲ್ಲಿ ಪೋರ್ಟ್‌ಕಲಿಸ್ ಎಂಬ ಇನ್ನೊಂದು ಹುದ್ದೆಯೂ ಬಂತು. ಸಿಂಹಾಸನದ ಮೇಲೆ ಅವನಿಗಿದ್ದ ಹಕ್ಕು ತೀರ ತೆಳು. ಆ ಹಕ್ಕನ್ನು ಊರೂರಿಗೆ ತೋರಿಸಲು ನಡೆದಾಡುವ ಹೆಸರುಗಳು ಬೇಕಿದ್ದವು.

ಹಾಗಾದರೆ ಡ್ರಾಗನ್ನೂ ಹೆನ್ರಿಯ ಖಾಸಗಿ ಗುರುತೇ ತಾನೆ, ಹಂದಿಯಂತೆ ಅದೇಕೆ ಸಾಯಲಿಲ್ಲ ಎಂದು ಕೇಳಬಹುದು. ಹೆನ್ರಿಯ ವಂಶ 1603ರವರೆಗೂ ಆಳಿತು ಎಂಬುದು ಅರ್ಧ ಉತ್ತರ. ಉಳಿದರ್ಧ 1555ರ ಸನದಿನಲ್ಲಿದೆ. ಆ ವರ್ಷ ರಾಣಿ ಮೇರಿ ಮತ್ತು ಅವಳ ಗಂಡ ಫಿಲಿಪ್ ಈ ಅಧಿಕಾರಿಗಳನ್ನೆಲ್ಲ ಕಾಲೇಜ್ ಆಫ್ ಆರ್ಮ್ಸ್ ಎಂಬ ಒಂದು ಶಾಶ್ವತ ಸಂಸ್ಥೆಯಾಗಿ ಕೂಡಿಸಿ ಡರ್ಬಿ ಹೌಸ್ ಎಂಬ ಮನೆ ಕೊಟ್ಟರು. ಎಲ್ಲರಿಗಿಂತ ಮೇಲಿನ ಮೂವರು ಕಿಂಗ್ ಆಫ್ ಆರ್ಮ್ಸ್, ಆರು ಹೆರಾಲ್ಡ್‌ಗಳು, ನಾಲ್ವರು ಪರ್ಸಿವಂಟ್‌ಗಳು: ಒಟ್ಟು ಹದಿಮೂರು ಸ್ಥಾನ. ರೂಜ್ ಕ್ರುವಾ, ಬ್ಲೂಮ್ಯಾಂಟಲ್, ರೂಜ್ ಡ್ರಾಗನ್, ಪೋರ್ಟ್‌ಕಲಿಸ್ ಎಂಬ ಆ ನಾಲ್ಕು ಹೆಸರುಗಳು ಇಂದಿಗೂ ಅವೇ. ಮನೆಯೇನೋ 1666ರ ಲಂಡನ್ ಬೆಂಕಿಯಲ್ಲಿ ಸುಟ್ಟುಹೋಯಿತು. ಕಡತಗಳನ್ನು ಹೊರಗೆ ಸಾಗಿಸಿ ಉಳಿಸಿಕೊಂಡರು. ಸಂಸ್ಥೆಯ ಆಸರೆಯಿಲ್ಲದ ಹುದ್ದೆಯ ಬಾಳು ಎಷ್ಟೆಂಬುದಕ್ಕೆ ನಮ್ಮ ನೆಲದ್ದೇ ಸಾಕ್ಷಿ ಇದೆ. 1911ರ ಡಿಸೆಂಬರ್ 12ರ ದೆಹಲಿ ದರ್ಬಾರಿಗಾಗಿ ವಿಲಿಯಂ ಪೇಟನ್ ಎಂಬ ಸೇನಾಧಿಕಾರಿಯನ್ನು ‘ಡೆಲ್ಲಿ ಹೆರಾಲ್ಡ್’ ಎಂದೂ ಪಂಜಾಬಿನ ಉಮರ್ ಹಯಾತ್ ಖಾನ್ ತಿವಾನಾರನ್ನು ಸಹಾಯಕ ಹೆರಾಲ್ಡ್ ಎಂದೂ ನೇಮಿಸಿದರು. ವೈಭವಕ್ಕೆ ಏನೂ ಕೊರತೆ ಇರಲಿಲ್ಲ. ದರ್ಬಾರು ಮುಗಿಯಿತು, ಹುದ್ದೆಯ ಕೆಲಸವೂ ಮುಗಿಯಿತು.

ಕಿರಿಯ ಹುದ್ದೆ ಬರಿಯ ಅಲಂಕಾರವಾಗಿತ್ತು ಎನ್ನುವವರಿಗೆ ನಾನು ತೋರಿಸುವ ಹೆಸರು ಗ್ರೆಗರಿ ಕಿಂಗ್. ಲಿಚ್‌ಫೀಲ್ಡ್‌ನಲ್ಲಿ 1648ರಲ್ಲಿ ಹುಟ್ಟಿದ ಈತ ಹದಿನಾಲ್ಕನೆಯ ವಯಸ್ಸಿಗೇ ಲಾಂಛನಶಾಸ್ತ್ರದ ದೊಡ್ಡ ವಿದ್ವಾಂಸ ವಿಲಿಯಂ ಡಗ್‌ಡೇಲ್‌ನ ಗುಮಾಸ್ತನಾಗಿ ಸೇರಿದ. ಆಗ ಲಾಂಛನಾಧಿಕಾರಿಗಳು ಕೌಂಟಿಯಿಂದ ಕೌಂಟಿಗೆ ತಿರುಗಿ, ಯಾವ ಮನೆತನಕ್ಕೆ ಯಾವ ಲಾಂಛನದ ಹಕ್ಕಿದೆ, ಯಾರ ಮಗ ಯಾರು, ಮಕ್ಕಳೆಷ್ಟು, ಮದುವೆ ಎಲ್ಲಿಗೆ ಎಂದೆಲ್ಲ ದಾಖಲಿಸುತ್ತಿದ್ದರು. 1530ರಿಂದ ಒಂದೂವರೆ ಶತಮಾನ ನಡೆದ ಈ ತಿರುಗಾಟದಲ್ಲಿ ಬರೆಯುವ, ಗೀಚುವ, ಲೆಕ್ಕ ಒಪ್ಪಿಸುವ ಕೆಲಸದ ಬಹುಭಾಗ ಕಿರಿಯರ ತಲೆಗೇ. 1677ರಲ್ಲಿ ಕಿಂಗ್ ರೂಜ್ ಡ್ರಾಗನ್ ಆದ. ಮನೆತನಗಳನ್ನು ಎಣಿಸಿ ಪಳಗಿದ ಅದೇ ಕೈ ಮುಂದೆ ಇಡೀ ದೇಶವನ್ನು ಎಣಿಸಿತು: 1688ರ ಇಂಗ್ಲೆಂಡ್ ಮತ್ತು ವೇಲ್ಸ್‌ನ ಜನಸಂಖ್ಯೆ ಸುಮಾರು 55 ಲಕ್ಷ ಎಂದು ಅವನು 1696ರಲ್ಲಿ ಅಂದಾಜು ಮಾಡಿದ. ಅಲ್ಲಿ ಮೊದಲ ಅಧಿಕೃತ ಜನಗಣತಿ ನಡೆದದ್ದು 1801ರಲ್ಲಿ. ಕಿಂಗ್‌ನ ಅಂಕಿಯನ್ನು ಇಂದಿನ ಇತಿಹಾಸಕಾರರು ತಿದ್ದಿದ್ದಾರೆಯೇ ಹೊರತು ತಳ್ಳಿಹಾಕಿಲ್ಲ. ಅರ್ಥಶಾಸ್ತ್ರದ ಪುಸ್ತಕಗಳಲ್ಲಿ ಅವನ ಹೆಸರು ಇದೆ. ಅಂಗಿಯನ್ನು ಅಡ್ಡ ತೊಡುವ ಹುದ್ದೆಯಿಂದ ಬಂದವನೆಂಬುದು ಅಲ್ಲಿ ಅಡಿಟಿಪ್ಪಣಿಯಲ್ಲೂ ಸಿಗುವುದು ಕಷ್ಟ.

ಕಿಂಗ್ ಲ್ಯಾಂಕಾಸ್ಟರ್ ಹೆರಾಲ್ಡ್ ಎಂಬ ಪದವಿಗೆ ಏರಿದ. ಮುಂದೆ ಕ್ಲಾರೆನ್ಸೋ ಕಿಂಗ್ ಆಫ್ ಆರ್ಮ್ಸ್ ಪದವಿ ತೆರವಾದಾಗ ಅದು ತನಗೆ ಸಲ್ಲಬೇಕೆಂದು ಎದುರುನೋಡಿದ. ಸಿಕ್ಕಿದ್ದು ನಾಟಕಕಾರ ಜಾನ್ ವ್ಯಾನ್‌ಬ್ರಗೆ. ಲಾಂಛನದ ಗಂಧವೂ ಇಲ್ಲದ, ತನ್ನ ನಾಟಕವೊಂದರಲ್ಲಿ ಈ ವೃತ್ತಿಯವರನ್ನೇ ಗೇಲಿ ಮಾಡಿದ್ದ ಮನುಷ್ಯ ಅವನು. ನೇರವಾಗಿ ಮೇಲೇರಿಸಿದರೆ ಚೆನ್ನಾಗಿರುವುದಿಲ್ಲವೆಂದು 1703ರಲ್ಲಿ ಅವನಿಗೆ ಕಾರ್ಲೈಲ್ ಹೆರಾಲ್ಡ್ ಎಂಬ ಹೆಸರು ಅಂಟಿಸಿ, ಮರುವರ್ಷವೇ ಕ್ಲಾರೆನ್ಸೋ ಮಾಡಿದರು. ಕಿಂಗ್ ಅರ್ಜಿ ಹಾಕಿದ, ಸೋತ. 1597ರಲ್ಲೂ ಹೀಗೇ ಆಗಿತ್ತು: ಶಾಲಾ ಮುಖ್ಯೋಪಾಧ್ಯಾಯ ವಿಲಿಯಂ ಕ್ಯಾಮ್ಡನ್ ಒಂದೇ ದಿನ ಹೆರಾಲ್ಡ್ ಆಗಿದ್ದು ಮರುದಿನವೇ ಕ್ಲಾರೆನ್ಸೋ ಆದ, ರೂಜ್ ಕ್ರುವಾ ಹುದ್ದೆಯಿಂದ ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದಿದ್ದ ರಾಲ್ಫ್ ಬ್ರೂಕ್ ಬದುಕಿಡೀ ಅವನ ತಪ್ಪು ಹುಡುಕುತ್ತಾ ಕೂತ. ಆದರೆ ಕ್ಯಾಮ್ಡನ್ ‘ಬ್ರಿಟಾನಿಯಾ’ ಬರೆದ ವಿದ್ವಾಂಸ, ಅವನ ನೇಮಕಕ್ಕೆ ಸಮರ್ಥನೆ ಇತ್ತು. ವ್ಯಾನ್‌ಬ್ರನದಕ್ಕೆ ಶಿಫಾರಸು ಬಿಟ್ಟರೆ ಬೇರೇನೂ ಇರಲಿಲ್ಲ. ಮೆಟ್ಟಿಲನ್ನು ಕಾಯುವ ಕಾಯಿದೆ ಕಿರಿಯರನ್ನು ತುಳಿಯುವುದಕ್ಕಷ್ಟೇ ಇತ್ತು ಎನ್ನುವವರು ಈ ಎರಡು ಪ್ರಸಂಗಗಳನ್ನು ಗಮನಿಸಬೇಕು. ಕಾಯಿದೆ ಸಡಿಲವಾದಾಗ ಪೆಟ್ಟು ಬಿದ್ದದ್ದು ಕೆಳಗಿನಿಂದ ದುಡಿದು ಬಂದವರಿಗೇ.

ಅಡ್ಡ ಅಂಗಿಯ ಪದ್ಧತಿ ನಿಂತದ್ದು ಎರಡನೆಯ ಜೇಮ್ಸ್‌ನ ಕಾಲದಲ್ಲಿ, ಅಂದರೆ 1685 ಮತ್ತು 1688ರ ನಡುವೆ. ಕಿಂಗ್ ಆಗ ರೂಜ್ ಡ್ರಾಗನ್ ಆಗಿಯೇ ಇದ್ದ. ಅಂದಿನಿಂದ ಎಲ್ಲರೂ ನೆಟ್ಟಗೇ ತೊಡುತ್ತಾರೆ. ವ್ಯತ್ಯಾಸ ಪೂರ್ತಿ ಅಳಿದಿಲ್ಲ ಎನ್ನಬಹುದು: ಕಿಂಗ್ ಆಫ್ ಆರ್ಮ್ಸ್‌ಗೆ ಮಖಮಲ್ಲು, ಹೆರಾಲ್ಡ್‌ಗೆ ಸ್ಯಾಟಿನ್, ಪರ್ಸಿವಂಟ್‌ಗೆ ಡಮಾಸ್ಕ್ ರೇಷ್ಮೆ. ನಿಜ, ಆದರೆ ಇದು ದರ್ಜಿಗೆ ಮಾತ್ರ ಗೊತ್ತಾಗುವ ವ್ಯತ್ಯಾಸ. ಯುದ್ಧಭೂಮಿಯ ಧೂಳಿನಲ್ಲೂ ದೂರದಿಂದ ಗುರುತು ಹಿಡಿಯಲೆಂದು ಹುಟ್ಟಿದ ವಿದ್ಯೆ, ಮುಟ್ಟಿ ನೋಡಿದರೆ ಮಾತ್ರ ತಿಳಿಯುವ ಗುರುತಿಗೆ ಇಳಿದದ್ದು ನನ್ನ ಮಟ್ಟಿಗೆ ನಷ್ಟವೇ. ಕಿರಿಯರಿಗೆ ಅವಮಾನ ತಪ್ಪಿತಲ್ಲ ಎಂಬ ಸಮಾಧಾನವನ್ನೂ ನಾನು ಒಪ್ಪಲಾರೆ. ಗೌರವ ಸರಿಸಮವಾಗಬೇಕೆಂದಿದ್ದರೆ ಅದು ಮೊದಲು ಸಂಬಳದಲ್ಲಿ ಕಾಣಬೇಕಿತ್ತು. 1618ರಲ್ಲಿ ಒಂದನೆಯ ಜೇಮ್ಸ್ ಏರಿಸಿದ್ದ ಈ ಸಂಬಳಗಳನ್ನು 1830ರ ದಶಕದಲ್ಲಿ ನಾಲ್ಕನೆಯ ವಿಲಿಯಂ ಇಳಿಸಿದ, ಆಮೇಲೆ ಯಾರೂ ಮುಟ್ಟಲಿಲ್ಲ. ಲಂಡನ್ನಿನ ಕ್ವೀನ್ ವಿಕ್ಟೋರಿಯಾ ಬೀದಿಯಲ್ಲಿರುವ ಕಾಲೇಜ್ ಆಫ್ ಆರ್ಮ್ಸ್‌ನ ಪರ್ಸಿವಂಟ್‌ಗಳು ಇಂದು ಜೀವನ ಮಾಡುವುದು ವಂಶಾವಳಿ ಹುಡುಕಿಸಲು, ಲಾಂಛನ ಪಡೆಯಲು ಬರುವವರು ಕೊಡುವ ಶುಲ್ಕದಿಂದ. ರಾಜನಿಂದ ಅವರಿಗೆ ಸಲ್ಲುವ ಸಂಬಳ ವರ್ಷಕ್ಕೆ 13.95 ಪೌಂಡ್.